ಕೊಡದ ಮುಡಿ

ಮೊನ್ನೆ ಬೆಟ್ಟದಪುರದ ಕಡೆ ಒಂದು ನಾಮಕರಣಕ್ಕೆ ಹೋಗಿ ಬರುವಾಗ ಕಾರಿನ ಗಾಜು ಇಳಿಸಿಕೊಂಡು ಕೂತಿದ್ದೆ. ಮಳೆ ಬಿಟ್ಟಿತ್ತು, ಮೋಡ ಮಾತ್ರ ಹಾಗೇ ನಿಂತಿತ್ತು. ರಸ್ತೆಯ ಪಕ್ಕ ಯಾರದೋ ಬ್ಯಾರನ್ನಿನಲ್ಲಿ, ಸೊಪ್ಪು ಹದ ಮಾಡುವ ಆ ಎತ್ತರದ ಗೂಡಿನಲ್ಲಿ, ಹೊಗೆಸೊಪ್ಪು ಬೇಯುತ್ತಿತ್ತು. ಪಾಕದ ಬೆಲ್ಲ ಸೀದುಹೋಗುವುದಕ್ಕೆ ಸ್ವಲ್ಪ ಮುಂಚೆ ಬರುವಂಥ ವಾಸನೆ ಅದು. ಈ ಸೀಮೆಯವರು ಅದು ಬಂದರೆ ಮೂಗರಳಿಸಿ, ‘ಸೊಪ್ಪು ಹದವಾಗಿ ಬಂದದೆ’ ಅನ್ನುತ್ತಾರೆ. ನನಗೆ ನಾಲಿಗೆಯ ಮೇಲೆ ತುಕ್ಕು ಹಿಡಿದ ಮೊಳೆ ಇಟ್ಟ ಹಾಗಾಯಿತು. ಗಾಜು ಏರಿಸಿದೆ. ನಮ್ಮ ಯಜಮಾನರು ಏನೂ ಕೇಳದೆ ಗಾಡಿಯ ವೇಗ ಹೆಚ್ಚಿಸಿದರು.

ಮೂರು ವರ್ಷದ ಹಿಂದಿನ ಆಷಾಢ, ಶ್ರಾವಣ ನನ್ನ ಬಾಯಲ್ಲಿ ಇನ್ನೂ ಹಾಗೇ ಇವೆ.

ನಾನು ಹುಣಸೂರು ಪೇಟೆಯಲ್ಲಿ ಬೆಳೆದವಳು, ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಗಾವಡಗೆರೆ ಹತ್ತಿರದ ಈ ಹಳ್ಳಿಗೆ ಬಂದೆ. ಮುಂದೆ ಮನೆ, ಹಿಂದೆ ಬ್ಯಾರನ್ನು, ನಡುವೆ ಅಂಗಳ. ಆ ವರ್ಷ ಸಸಿ ನೆಟ್ಟು ಮುಗಿದ ಮೇಲೆ ಒಂದು ದಿನ ಸ್ನಾನ ಮಾಡುವಾಗ ಎಡಗಡೆ ಒಂದು ಗಂಟು ಕೈಗೆ ಸಿಕ್ಕಿತು. ಇವರಿಗೆ ‘ಇಲ್ಲಿ ಏನೋ ಇದೆ’ ಅಂದೆ. ಮೈಸೂರಿನ ಡಾಕ್ಟರಿಗೂ ‘ಇಲ್ಲಿ’ ಅಂತಲೇ ತೋರಿಸಿದೆ. ಕಾನ್ವೆಂಟಿನ ಸಿಸ್ಟರುಗಳು ದೇಹದ ಪಾಠ ಮಾಡುವಾಗ ಕತ್ತಿನಿಂದ ನೇರ ಸೊಂಟಕ್ಕೆ ಹಾರಿಬಿಡುತ್ತಿದ್ದರು. ನಮ್ಮ ಮನೆಯಲ್ಲೂ ಆ ಭಾಗದ ಹೆಸರನ್ನು ಹಸುವಿಗೆ ಬಿಟ್ಟು ಬೇರೆ ಯಾರಿಗೂ ಬಳಸಿದ್ದು ಕೇಳಿರಲಿಲ್ಲ. ಡಾಕ್ಟರು ಹೇಳಿದರು: ಗಡ್ಡೆ ದೊಡ್ಡದಾಗಿದೆ, ಮೊದಲು ಕೀಮೋ ಕೊಟ್ಟು ಕುಗ್ಗಿಸೋಣ, ಆಪರೇಷನ್ ಆಮೇಲೆ.

ಮೊದಲನೇ ಕೀಮೋ ದಿನ ಕೇರಳದ ಕಡೆಯ ಒಬ್ಬ ನರ್ಸ್ ನನ್ನ ಕೈಯ ಬಳೆಗಳನ್ನು ಒಂದೊಂದಾಗಿ ಮೇಲೆ ಸರಿಸಿ, ಅವು ಜಾರದಂತೆ ಬ್ಯಾಂಡೇಜು ಸುತ್ತಿದಳು. ಒಡೆದು ತೆಗೆಯಬಹುದಿತ್ತು, ಒಡೆಯಲಿಲ್ಲ. ಔಷಧಿ ಕೆಂಪಗಿತ್ತು, ಮದುವೆ ಮನೆಯ ಶರಬತ್ತಿನ ಹಾಗೆ. ಅದು ನಳಿಕೆಯಲ್ಲಿ ಇಳಿದು ನನ್ನ ಕೈ ಒಳಗೆ ಹೋಗುವುದನ್ನು ನೋಡುತ್ತಾ ಕೂತೆ. ಹೊರಡುವಾಗ ಆಕೆ ಬಾಗಿಲವರೆಗೆ ಬಂದು, “ಅಮ್ಮಾ, ಜನ ಸೇರುವ ಕಡೆ ಹೋಗಬೇಡಿ, ಹಸಿಯಾದದ್ದು ಏನೂ ತಿನ್ನಬೇಡಿ. ಜ್ವರ ನೂರು ದಾಟಿದರೆ ಮಾತ್ರೆ ನುಂಗಿ ಮಲಗಬೇಡಿ ಕೇಟ್ಟೋ. ಆಗಲೇ ಹೊರಟು ಬರಬೇಕು” ಅಂದಳು. ನಾನು ತಲೆಯಾಡಿಸಿದೆ. ಹೇಳಿದ್ದನ್ನು ಕೇಳುವುದು ನನಗೆ ಚಿಕ್ಕಂದಿನಿಂದ ರೂಢಿ.

ಮನೆಗೆ ಬಂದ ಮಾರನೇ ದಿನದಿಂದ ಹೊಟ್ಟೆ ನನ್ನದಾಗಿ ಉಳಿಯಲಿಲ್ಲ. ನೀರು ಕುಡಿದರೆ ಕಬ್ಬಿಣ. ಸ್ಟೀಲ್ ಲೋಟ ತುಟಿಗೆ ತಂದರೆ ವಾಕರಿಕೆ. ಅತ್ತೆ ಅಟ್ಟ ಹತ್ತಿ ಹಳೇ ಮಣ್ಣಿನ ಕುಡಿಕೆ ಹುಡುಕಿ ತಂದು, ತೊಳೆದು, ಕಾಯಿಸಿ ಆರಿಸಿದ ನೀರನ್ನು ಅದರಲ್ಲೇ ಕೊಡತೊಡಗಿದರು. ಅದೇ ವಾರ ಬ್ಯಾರನ್ನಿಗೆ ಮೊದಲ ಬೆಂಕಿ ಇಡಬೇಕಿತ್ತು. ಇವರು ಬಾಗಿಲಲ್ಲಿ ನಿಂತು, “ಈ ಸಲ ಸೊಪ್ಪು ಹಂಗೇ ಯಾರಿಗಾದ್ರೂ ಕೊಟ್ಬಿಡ್ಲಾ ಸುಮಾ?” ಅಂದರು.

“ಬೆಂಕಿ ಇಡಿ,” ಅಂದೆ. “ವಾಸನೆ ತಾನೇ.”

ಒಮ್ಮೆ ಬೆಂಕಿ ಇಟ್ಟರೆ ಸೊಪ್ಪು ಹದವಾಗುವವರೆಗೆ ಆರಿಸುವಂತಿಲ್ಲ. ಹಗಲೂ ರಾತ್ರಿ ಆ ಸಿಹಿ ವಾಸನೆ ಕಿಟಕಿ, ಹಾಸಿಗೆ, ಗಂಜಿ ಎಲ್ಲದರೊಳಗೂ ಸೇರಿಕೊಂಡಿತು. ನಾನು ಗೋಡೆಯ ಕಡೆ ತಿರುಗಿ ಮಲಗಿ, ಸುಣ್ಣ ಎದ್ದ ಜಾಗದಲ್ಲಿ ಕಾಣುವ ಆಕಾರಗಳನ್ನು ನೋಡುತ್ತಿದ್ದೆ. ಒಂದು ಕುದುರೆ ತಲೆ ಇತ್ತು. ಅದಕ್ಕೆ ಕಿವಿ ಇರಲಿಲ್ಲ.

ಆಷಾಢ ಮುಗಿಯುವ ಹೊತ್ತಿಗೆ ತಲೆಯ ಚರ್ಮ ನೋಯತೊಡಗಿತು. ಬಿಗಿಯಾಗಿ ಜಡೆ ಎಳೆದು ಕಟ್ಟಿದ ಹಾಗೆ, ಕಟ್ಟದಿದ್ದರೂ. ಆಮೇಲೆ ಕೂದಲು ಕಿತ್ತು ಬಂದುಬಿಟ್ಟಿತು. ದಿಂಬಿನ ಮೇಲೆ, ಬಚ್ಚಲಲ್ಲಿ, ಗಂಜಿ ಬಟ್ಟಲಲ್ಲಿ. ಅತ್ತೆ ಸೆರಗು ಸಿಕ್ಕಿಸಿಕೊಂಡು ಬಚ್ಚಲ ತೂಬಿನ ಬಾಯಿಗೆ ಸಿಕ್ಕಿದ್ದನ್ನು ಬೆರಳಿಗೆ ಸುತ್ತಿ ಸುತ್ತಿ ತೆಗೆಯುತ್ತಿದ್ದರು. ಒಂದು ದಿನ ಅವರಿಗೆ ತಡೆಯಲಾಗಲಿಲ್ಲ.

“ಎಲ್ಲಾ ತೆಗ್ಸ್‌ಬುಡು ಮಗ. ಇಂಗೆ ಕಿತ್‌ಕಿತ್ಕಂಡು ಬೀಳೋದ ನನ್ ಕಣ್ಣಲ್ಲಿ ನೋಡಕಾಗಲ್ಲ.”

“ಜನ ಕೇಳ್ತಾರಲ್ಲ ಅತ್ತೆ.”

ಜನ ಅನ್ನುವುದೇ ನಮ್ಮ ಕಷ್ಟವಾಗಿತ್ತು. ಕಾಯಿಲೆಯ ಸುದ್ದಿ ನಾವು ಯಾರಿಗೂ ಹೇಳಿರಲಿಲ್ಲ. ನಮಗಿರುವುದು ಒಬ್ಬಳೇ ಮಗಳು, ಮೈಸೂರಿನ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ‘ತಾಯಿಗೆ ಬಂದದ್ದು ಮಗಳಿಗೂ ಬತ್ತದೆ’ ಅಂತ ಒಂದು ಮಾತು ಎದ್ದರೆ ನಾಳೆ ಅವಳಿಗೆ ಗಂಡು ನೋಡುವುದು ಹೇಗೆ ಎನ್ನುವುದು ಅತ್ತೆಯ ಚಿಂತೆ. ನನಗೆ ಗ್ಯಾಸ್ಟ್ರಿಕ್, ರಕ್ತ ಕಡಿಮೆ, ಅಂತ ಹೇಳಿಕೊಂಡು ಬಂದಿದ್ದರು. ಬೋಳು ತಲೆಗೆ ಗ್ಯಾಸ್ಟ್ರಿಕ್ ಸಾಲುವುದಿಲ್ಲವಲ್ಲ.

ಅತ್ತೆ ಬೆರಳಿಗೆ ಸುತ್ತಿದ್ದ ಕೂದಲನ್ನು ಬಿಚ್ಚಿ ಉಂಡೆ ಮಾಡಿದರು. ಆಮೇಲೆ, “ಮಾದಪ್ಪನಿಗೆ ಮುಡಿ ಕೊಟ್ಟವ್ಳೆ ಅಂದ್ರಾಯ್ತು” ಅಂದರು. ಅಂದವರೇ ದೇವರ ಗೂಡಿನ ಕಡೆ ತಿರುಗಿ ಎರಡು ಕೆನ್ನೆ ಬಡಿದುಕೊಂಡರು.

ಹಿತ್ತಲ ಜಗಲಿಯ ಮೇಲೆ ಸ್ಟೂಲು ಹಾಕಿ ಇವರೇ ತಮ್ಮ ಗಡ್ಡದ ಮಷೀನಿನಲ್ಲಿ ಉಳಿದದ್ದನ್ನು ತೆಗೆದರು. ಸೊಪ್ಪಿನ ಅಂಟು ಹಿಡಿದು ಕಪ್ಪಾದ ಬೆರಳುಗಳು ನನ್ನ ಕಿವಿಯನ್ನು ಮಡಚಿ ಹಿಡಿದವು. ಮಾರನೇ ದಿನ ಎರಡನೇ ಕೀಮೋಗೆ ಮೈಸೂರಿಗೆ ಹೋಗಿ ಬಂದೆವು. ಮಾದಪ್ಪನ ಬೆಟ್ಟಕ್ಕೆ ಹೋಗಿದ್ದೆವು ಅಂತ ಅತ್ತೆ ಬೀದಿಗೆ ಹೇಳಿದರು.

ಎದುರು ಮನೆಯ ಗೌರಕ್ಕ ಮೊದಲು ಬಂದವಳು. ನಮ್ಮ ಯಜಮಾನರ ದೊಡ್ಡಪ್ಪನ ಮಗನ ಹೆಂಡತಿ, ನನಗೆ ವರಸೆಯಲ್ಲಿ ಓರಗಿತ್ತಿ. ಬಾಗಿಲು ದಾಟುವ ಮೊದಲೇ ಅವಳ ದನಿ ಒಳಗೆ ಬರುತ್ತಿತ್ತು. ನನ್ನ ತಲೆಯ ಮೇಲಿನ ಸೆರಗನ್ನು ಎಳೆದು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು.

“ಅಯ್ಯೋ ಅಮ್ಮಿ, ಎಂಗಸ್ರು ಮೂರೆಳೆ ಪೂಮುಡಿ ಕೊಟ್ರೆ ಸಾಕಲ್ವಾ? ಮುತ್ತೈದೆ ಪೂರಾ ಬೋಳುಸ್ಕಂಡಿದ್ದೀಯಲ್ಲ! ಅಂಥಾ ದೊಡ್ಡ ಅರಕೆ ಏನು? ಗಂಡನ್ನ ಬದಲಾಯ್ಸು ಅಂತ ಕೇಳ್ಕಂಡಿದ್ಯಾ?”

ನನಗೆ ನಗು ಬಂತು. ನಕ್ಕಿದ್ದಕ್ಕೆ ಬಾಯಿಯ ಹುಣ್ಣುಗಳೆಲ್ಲ ಬಿರಿದವು.

“ಅರಕೆ ಬಾಯ್ಬುಟ್ಟು ಹೇಳ್ಬಾರ್ದು ಗೌರ,” ಅಂದರು ಅತ್ತೆ. “ಮಾದಪ್ಪ ಒಳ್ಳೇದು ಮಾಡ್ದ, ಅಷ್ಟೆ.”

“ಬೇಡ್ಕಂಡಿದ್ದು ಆಯ್ತಾ ಚಿಕ್ಕತ್ತೆ?”

“ಊಂ, ಆಯ್ತು.”

ಗೌರಕ್ಕ ಇನ್ನೇನೋ ತಮಾಷೆ ಮಾಡುತ್ತಾಳೆ ಅಂದುಕೊಂಡೆ. ಮಾಡಲಿಲ್ಲ. ಸೆರಗನ್ನು ಮೆಲ್ಲಗೆ ನನ್ನ ತಲೆಯ ಮೇಲೆ ಮತ್ತೆ ಹೊದಿಸಿ, “ಹಂಗಾರೆ ಪರ ಯಾವಾಗ?” ಅಂದಳು.

ಅತ್ತೆ ಅದನ್ನು ಮರೆತಿದ್ದರು. ಹರಕೆ ಫಲಿಸಿ ಮುಡಿ ಕೊಟ್ಟು ಬಂದವರು ಮಾದಪ್ಪನ ಹೆಸರಲ್ಲಿ ಪರ ಮಾಡಬೇಕು, ಅಂದರೆ ಬೀದಿಯವರನ್ನೆಲ್ಲ ಕೂರಿಸಿ ಊಟ ಹಾಕಬೇಕು. ಇಲ್ಲದಿದ್ದರೆ ಮುಡಿ ಸೇರಲಿಲ್ಲ ಅಂತ ಲೆಕ್ಕ. ಅತ್ತೆ ಸೊಪ್ಪಿನ ಕೆಲಸದ ನೆಪ ಹೇಳಿದರು. ಗೌರಕ್ಕ ಬಿಡಲಿಲ್ಲ. ನೀರಿಗೆ ಬಂದಾಗ, ಹಾಲಿಗೆ ಬಂದಾಗ, “ಮುಡಿ ಕೊಟ್ಟು ಪರ ಮಾಡ್ದೆ ಕೂತವ್ರೆ, ದೇವ್ರಿಗೇ ಸಾಲ ಹೇಳೋರು ಇವ್ರೊಬ್ರೇ ಕಣ್ರವ್ವ” ಅಂತ ಬೀದಿಗೆ ಕೇಳುವ ಹಾಗೆ ಅನ್ನುವಳು. ಕೊನೆಗೆ ಶ್ರಾವಣದ ಒಂದು ಸೋಮವಾರ ಗೊತ್ತಾಯಿತು.

ಇವರು, “ಜನ ಸೇರ್ಸಬೇಡಿ ಅಂದವ್ರಲ್ಲವ್ವ ಆಸ್ಪತ್ರೇಲಿ” ಅಂದರು.

“ಸುಮ ಒಳಗಿರ್ತಾಳೆ. ಜನ ಆಚೆ ಉಂಡು ಹೋಯ್ತಾರೆ” ಅಂದರು ಅತ್ತೆ. ಅವರ ದನಿಯಲ್ಲಿ ಧೈರ್ಯ ಇರಲಿಲ್ಲ. ಸುಳ್ಳು ಈಗ ಅವರ ಕೈ ಮೀರಿ ಬೆಳೆದಿತ್ತು. ಅದು ಕೇಳಿದ್ದನ್ನೆಲ್ಲ ಕೊಡಬೇಕಾಗಿತ್ತು.

ಆ ಸೋಮವಾರ ಬೆಳಗ್ಗೆಯಿಂದ ಹುಚ್ಚೆಳ್ಳೆಣ್ಣೆ ದೀಪ, ಬೆಲ್ಲದ ಕಜ್ಜಾಯ, ಬೇಳೆ ಬೇಯುವ ವಾಸನೆ. ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಮುಡಿ ಕೊಟ್ಟವಳು ಮೊದಲ ಪಂಕ್ತಿಗೆ ತನ್ನ ಕೈಯಿಂದಲೇ ತುಪ್ಪ ಬಡಿಸಬೇಕು ಅಂತ ಗೌರಕ್ಕ ನನ್ನನ್ನು ಒಳಗಿನಿಂದ ಎಬ್ಬಿಸಿಕೊಂಡು ಹೋದಳು. ತುಪ್ಪದ ಗಿಣ್ಣಲು ಹಿಡಿದು ಸಾಲಿನಲ್ಲಿ ಬಗ್ಗಿ ಬಗ್ಗಿ ಹೋದೆ. ಹೆಂಗಸರು ನನ್ನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಬ್ಬಳು ಕೆಮ್ಮುತ್ತಿದ್ದಳು. ಒಳಗೆ ಬಂದು ಕೂತಾಗ ಬೆನ್ನಿನ ಮೇಲೆ ಯಾರೋ ತಣ್ಣೀರು ಚಿಮುಕಿಸಿದ ಹಾಗಾಯಿತು. ಕಂಬಳಿ ಹೊದ್ದೆ. ಹಲ್ಲು ಕಟಕಟ ಅನ್ನತೊಡಗಿತು. ಥರ್ಮಾಮೀಟರ್ ಇಟ್ಟು ತೆಗೆದೆ. ನೂರಾ ಎರಡು.

ಕಿಟಕಿಯಿಂದ ನೋಡಿದೆ. ನಮ್ಮ ಕಾರು ಬ್ಯಾರನ್ನಿನ ಪಕ್ಕ, ಅಂಗಳದ ಆ ತುದಿಯಲ್ಲಿತ್ತು. ಕಾರಿಗೂ ಗೇಟಿಗೂ ನಡುವೆ ಶಾಮಿಯಾನದ ಕಂಬಗಳು, ಕಂಬಗಳ ನಡುವೆ ಎಲೆ ಹಾಕಿಕೊಂಡು ಕೂತ ಜನ. ಆಗತಾನೆ ಅನ್ನಕ್ಕೆ ಕೈಯಿಟ್ಟಿದ್ದರು. ಉಣ್ಣಲು ಕೂತ ಪಂಕ್ತಿಯನ್ನು ನಮ್ಮಲ್ಲಿ ಯಾರೂ ನಡುವೆ ಎಬ್ಬಿಸುವುದಿಲ್ಲ. ಪಕ್ಕದ ಮನೆಯಲ್ಲಿ ಜೀವ ಹೋದರೂ ಪಂಕ್ತಿ ಏಳುವವರೆಗೆ ಅಳು ತಡೆದು ಹಿಡಿಯುತ್ತಾರೆ. ಅದೂ ಮಾದಪ್ಪನ ಪರ.

ಈ ಪಂಕ್ತಿ ಏಳಲಿ ಅಂದುಕೊಂಡೆ. ಇನ್ನೂ ಪಾಯಸ ಬಂದಿರಲಿಲ್ಲ. ಆಮೇಲೆ ಎರಡನೇ ಪಂಕ್ತಿ ಕಾಯುತ್ತಾ ನಿಂತಿತ್ತು.

ಅತ್ತೆ ನನಗೆ ಕಜ್ಜಾಯ ಕೊಡಲು ಬಂದವರು ನನ್ನ ಕೈ ಮುಟ್ಟಿ ತಟ್ಟೆ ಕೆಳಗಿಟ್ಟರು.

“ಎಷ್ಟದೆ?”

“ನೂರಾ ಎರಡು.”

“ಆ ನರ್ಸಮ್ಮ ಏನಂದಿದ್ಳು?”

“ಊಟ ಮುಗೀಲಿ ಅತ್ತೆ. ಪಂಕ್ತಿ...”

ಅವರು ನನ್ನ ಮುಖವನ್ನು ಒಂದು ಸಲ ನೋಡಿ ಹೊರಗೆ ಹೋದರು. ಬಡಿಸುತ್ತಿದ್ದವರ ಕೈಯಿಂದ ಸೌಟು ಕಸಿದು ಅನ್ನದ ಕೊಳಗಕ್ಕೆ ಕುಕ್ಕಿದ ಸದ್ದು ಕೇಳಿಸಿತು.

“ಎಲ್ರೂ ಎದ್ದೇಳಿ. ಕಾರು ಆಚಿಕ್ ಬರ್ಬೇಕು.”

ಯಾರೋ ನಕ್ಕರು. ಊರಿನ ಒಬ್ಬ ಹಿರಿಯರು, “ಏನಮ್ಮ, ಪಂಕ್ತೀಲಿ ಕೂತೋರ್ನ ಎಬ್ಬುಸ್ತಿದ್ದೀಯಾ? ತಲೆ ನೆಟ್ಟಗದಾ?” ಅಂದರು.

“ನೆಟ್ಟಗದೆ ಅಣ್ಣ. ನನ್ ಸೊಸೆ ಯಾವ ಮಾದಪ್ಪನಿಗೂ ಮುಡಿ ಕೊಟ್ಟಿಲ್ಲ. ಸುಳ್ಳು ಹೇಳ್ದೋಳು ನಾನು. ಅವ್ಳಿಗೆ ಕ್ಯಾನ್ಸರು. ಮೊಲೇಲಿ ಗಡ್ಡೆ ಆಗದೆ. ಔಷ್ದಿ ಕೊಟ್ಟು ಕೂದ್ಲು ಉದ್ರೋಗದೆ. ಈಗ ಜ್ವರ ಬಂದದೆ, ಆಸ್ಪತ್ರೆಗೆ ಹೋಗ್ದಿದ್ರೆ ಸತ್ತೋಯ್ತಾಳೆ. ಏಳಿ.”

ಅನ್ನ ಕಲಸಿದ ಕೈಗಳು ಎಲೆಯ ಮೇಲೆ ಹಾಗೇ ನಿಂತಿದ್ದವು. ಗೌರಕ್ಕ ಸಾಲಿನ ನಡುವೆ ಕೂತಿದ್ದಳು. ಅವಳ ಮುಖದ ಬಣ್ಣ ಇಳಿದದ್ದನ್ನು ನಾನು ಕಿಟಕಿಯಿಂದ ಕಂಡೆ. ಮೋಸ ಹೋದ ಕೋಪ ಅಂದುಕೊಂಡೆ. ಅವಳು ಎಲೆ ಮಡಚಿದಳು, ಎದ್ದಳು.

“ಏನ್ರೋ ನೋಡ್ತಾ ಕೂತಿದ್ದೀರಿ, ಕಂಬ ಕೀಳ್ರೋ!”

ಆಮೇಲೆ ಎಲ್ಲರೂ ಎದ್ದರು. ಕಾರು ಅಂಗಳ ದಾಟುವಾಗ ಚಕ್ರ ಎಲೆಗಳ ಮೇಲೆ, ಅನ್ನದ ಮೇಲೆ ಹರಿಯಿತು. ಇವರು ಸ್ಟೇರಿಂಗ್ ಹಿಡಿದು ಅಳುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡೆ.

ಆಸ್ಪತ್ರೆಯಲ್ಲಿ ಒಂಟಿ ಕೋಣೆಗೆ ಹಾಕಿದರು. ರಕ್ತದಲ್ಲಿ ಬಿಳಿ ಕಣಗಳು ಇಲ್ಲವೇ ಇಲ್ಲ ಅನ್ನುವಷ್ಟು ಇಳಿದಿದ್ದವಂತೆ. ಸಂಜೆಯವರೆಗೆ ಕಾದಿದ್ದರೆ ಕಷ್ಟವಾಗುತ್ತಿತ್ತು ಅಂದರು ಡಾಕ್ಟರು. ಅಲ್ಲಿನ ದಿನಗಳಲ್ಲಿ ನನಗೆ ನೆನಪಿರುವುದು ಕಿಟಕಿಯಾಚೆ ಪೈಪಿನ ಮೇಲೆ ಕೂರುತ್ತಿದ್ದ ಒಂದು ಪಾರಿವಾಳ, ಮತ್ತು ಕೋಣೆಯ ಒಳಗೆ ಬಿಡದೆ ಇದ್ದುದರಿಂದ ಬಾಗಿಲ ಗಾಜಿನಲ್ಲಿ ಕಾಣುತ್ತಿದ್ದ ಮಗಳ ಹಣೆ. ಅವಳಿಗೂ ಆಗಲೇ ಎಲ್ಲ ಗೊತ್ತಾಗಿತ್ತು.

ಊರಿಗೆ ಬಂದಾಗ ಬೀದಿ ನಮ್ಮ ಮನೆಯನ್ನು ದಾಟಿಕೊಂಡು ಹೋಗುತ್ತಿತ್ತು. ಕೆಟ್ಟದಾಗಿ ಯಾರೂ ಮಾತಾಡಲಿಲ್ಲ, ಮಾತೇ ಆಡಲಿಲ್ಲ. ಕೊಟ್ಟ ಹಾಲಿನ ಪಾತ್ರೆ ಜಗಲಿಯ ಮೇಲೇ ವಾಪಸು ಬರುತ್ತಿತ್ತು. ಅತ್ತೆ ದೇವರ ಗೂಡಿಗೆ ದೀಪ ಹಚ್ಚುತ್ತಿದ್ದರು, ಆದರೆ ಮುಖ ಎತ್ತಿ ನೋಡುತ್ತಿರಲಿಲ್ಲ. ಗೌರಕ್ಕನ ದನಿ ಎದುರು ಮನೆಯಿಂದ ಕೇಳಿಸುವುದೇ ನಿಂತಿತ್ತು.

ಒಂದು ಮಧ್ಯಾಹ್ನ ಅವಳೇ ಬಂದಳು. ಬಾಗಿಲು ಹಾಕಿ ಚಿಲಕ ಇಟ್ಟಳು. ಮಂಚದ ಅಂಚಿನಲ್ಲಿ ಕೂತಳು.

“ಅಮ್ಮಿ, ನಿಂದು ನೋಯ್ತಿತ್ತಾ?”

“ಇಲ್ಲ ಅಕ್ಕ. ನೋವೇ ಇರ್ಲಿಲ್ಲ. ಅದಕ್ಕೇ ತಡ ಆಯ್ತು.”

ಅವಳು ಕುಪ್ಪಸದ ಗುಂಡಿ ಬಿಚ್ಚಿದಳು. “ನೀನು ಓದ್ದೋಳು. ಮುಟ್ಟಿ ಹೇಳು” ಅಂತ ನನ್ನ ಕೈ ಎಳೆದು ಒಳಗಿಟ್ಟುಕೊಂಡಳು.

ಕಲ್ಲು. ನನ್ನದು ಎಂದೂ ಅಷ್ಟು ದೊಡ್ಡದಾಗಿರಲಿಲ್ಲ. ಮೇಲಿನ ಚರ್ಮ ಕೊಡಗಿನ ಕಿತ್ತಳೆಯ ಸಿಪ್ಪೆಯ ಹಾಗೆ ಗುಳಿಗುಳಿಯಾಗಿತ್ತು. ಕಂಕುಳಲ್ಲೂ ಕೈಗೆ ಸಿಕ್ಕಿತು.

“ಯಾವಾಗಿಂದ ಅಕ್ಕ?”

“ಯುಗಾದಿಗೂ ಮುಂಚೆ. ಡಾಕ್ಟ್ರತ್ರ ಹೋಗವ ಅಂತಿದ್ದೆ. ಅಷ್ಟ್ರಲ್ಲಿ ನೀನು ಮುಡಿ ಕೊಟ್ಬಂದೆ. ಬೇಡ್ಕಂಡಿದ್ದು ಆಯ್ತು ಅಂದ್ರು ಚಿಕ್ಕತ್ತೆ.” ಅವಳು ಗುಂಡಿ ಹಾಕಿಕೊಳ್ಳಲಾಗದೆ ಸೆರಗು ಹೊದ್ದಳು. “ನಮ್ ಮಾದಪ್ಪ ಹತ್ರದಲ್ಲೇ ಕೇಳ್ತಾವ್ನೆ, ಡಾಕ್ಟ್ರು ಯಾಕೆ ಅಂತ ನಾನೂ ಕಟ್ಕಂಡೆ ಅರಕೆಯ. ಗಡ್ಡೆ ಕರುಗ್ಲಿ, ನಿನ್ನಂಗೇ ಪೂರಾ ಮುಡಿ ಕೊಡ್ತೀನಿ ಅಂತ. ನಿನ್ ಪರದೂಟ ಉಂಡ್ರೆ ಬೇಗ ಆಯ್ತದೆ ಅಂತ್ಲೇ ಅಷ್ಟು ಪೀಡುಸ್ದೆ ಕಣಮ್ಮಿ.”

ಬಾಗಿಲಾಚೆ ಏನೋ ಬಿದ್ದ ಸದ್ದಾಯಿತು. ಚಿಲಕ ತೆಗೆದಾಗ ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು. “ನನ್ ನಾಲ್ಗೆ ಸೇದೋಗ” ಅಂದರು. ಇನ್ನೊಂದು ಸಲ ಅಂದರು. ಗೌರಕ್ಕ ಅವರನ್ನು ದಾಟಿ ಹೋಗಲಿಲ್ಲ. ಪಕ್ಕದಲ್ಲೇ ಕೂತಳು. “ಬುಡಿ ಚಿಕ್ಕತ್ತೆ. ನೀವೇನ್ ನನ್ಗಂತ ಹೇಳಿದ್ರಾ.”

ಮೂರನೇ ಕೀಮೋಗೆ ಹೋದಾಗ ಅವಳನ್ನೂ ಕರೆದುಕೊಂಡು ಹೋದೆವು. ನನ್ನ ಕೈಗೆ ಕೆಂಪು ಔಷಧಿ ಇಳಿಯುತ್ತಿರುವಾಗ ಅವಳನ್ನು ಒಂದೊಂದೇ ಸ್ಕ್ಯಾನಿಗೆ ಕರೆದುಕೊಂಡು ಹೋಗುತ್ತಿದ್ದರು. ಪಕ್ಕದ ಖಾಲಿ ಹಾಸಿಗೆ ತೋರಿಸಿ, “ಮುಂದ್ಲ ವಾರ ನಾನೂ ಇಲ್ಲೇ ಮಲೀಕತೀನಿ. ಇಬ್ರೂ ಬೋಳು ತಲೇಲಿ ಊರೊಳಗೆ ಓಡಾಡವ, ಐಕ್ಳು ಎದ್ರುಕೊಳ್ಲಿ” ಅಂದಳು.

ಆ ಹಾಸಿಗೆ ಅವಳಿಗೆ ಸಿಗಲಿಲ್ಲ. ರೋಗ ಮೂಳೆಗೂ ಲಿವರಿಗೂ ಇಳಿದಿತ್ತು. ಕೀಮೋ ಕೊಟ್ಟರೆ ತಡೆಯಲಾರಳು ಅಂತ ಮಾತ್ರೆ ಬರೆದುಕೊಟ್ಟರು, ನೋವಿಗೆ ಬೇರೆ. ನನ್ನ ಕೀಮೋಗಳು ಮುಗಿದವು, ಆಪರೇಷನ್ ಆಯಿತು. ಎದುರು ಮನೆಯಲ್ಲಿ ಅವಳು ಕೂರುವುದರಿಂದ ಒರಗುವುದಕ್ಕೆ, ಒರಗುವುದರಿಂದ ಮಲಗುವುದಕ್ಕೆ ಬಂದಳು. ಅತ್ತೆ ದಿನವೂ ಹೋಗಿ ಅವಳಿಗೆ ಗಂಜಿ ಕುಡಿಸುತ್ತಿದ್ದರು. ನನಗೆ ಕೊಟ್ಟಿದ್ದ ಔಷಧಿಯನ್ನು ಶಪಿಸುತ್ತಾ ನಾನು ಕಳೆದ ದಿನಗಳಲ್ಲಿ ಅವಳು ಅದೇ ಔಷಧಿಯನ್ನು ಕೇಳುತ್ತಿದ್ದಳು. “ಒಂದೀಟು ನಂಗೂ ಕೊಡುಸ್ರೋ” ಅಂತ ಗಂಡನಿಗೆ, ಮಕ್ಕಳಿಗೆ, ಬಂದುಹೋದವರಿಗೆ.

ಶಿವರಾತ್ರಿಗೆ ಸ್ವಲ್ಪ ಮುಂಚೆ ಹೋದಳು. ನಮ್ಮ ಪದ್ಧತಿಯಂತೆ ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂರಿಸಿದ್ದರು. ಹೆಂಗಸರು ಅವಳ ತಲೆ ಬಾಚಿದರು. ಮೈಯೆಲ್ಲ ಕರಗಿ ಹೋಗಿತ್ತು, ಕೂದಲು ಮಾತ್ರ ಹಾಗೇ ಇತ್ತು. “ಎಂಥಾ ಕೂದ್ಲು ನೋಡವ್ವ, ಒಂದೆಳೆ ಉದುರಿಲ್ಲ. ಪುಣ್ಯವಂತೆ, ತುಂಬಿದ ಮುಡೀಲಿ ಹೋಯ್ತಾವ್ಳೆ” ಅಂದರು ಯಾರೋ. ನಾನು ಬೆರಳಗಲ ಕೂದಲು ಬೆಳೆದ ನನ್ನ ತಲೆಯ ಮೇಲೆ ಸೆರಗು ಎಳೆದುಕೊಂಡೆ.

ಹೂವು ಮುಡಿಸಲು ನನ್ನನ್ನು ಕರೆದರು. ಜಡೆ ತೂಕವಾಗಿತ್ತು. ಆಪರೇಷನ್ ಆದ ಕಡೆಯ ತೋಳನ್ನು ಮೇಲೆತ್ತಲು ನನಗೆ ಇನ್ನೂ ಆಗುತ್ತಿರಲಿಲ್ಲ. ಅತ್ತೆ ಬಂದು ಎರಡು ಕೈಯಲ್ಲಿ ಜಡೆ ಎತ್ತಿ ಹಿಡಿದರು. ನಾನು ಒಂದೇ ಕೈಯಲ್ಲಿ ಹೂವು ಮುಡಿಸಿದೆ.